ಶಿಗ್ಗಾವಿ ಬಸ್ ಸ್ಟ್ಯಾಂಡಿನಲ್ಲಿ ಬಂದ ದನಿ

ಗಂಟಲಿನ ಸಣ್ಣ ಗಂಟನ್ನು ತೆಗೆದ ಮೇಲೆ ಹುಬ್ಬಳ್ಳಿಯ ಡಾಕ್ಟರು ನನಗೆ ಕೊಟ್ಟ ಔಷಧಿಗಳಲ್ಲೆಲ್ಲ ಕಹಿಯಾದದ್ದು ಬಾಯಿ ಮುಚ್ಚಿಕೊಂಡಿರುವುದು. "ಪಿಸುಮಾತೂ ಬ್ಯಾಡ್ರಿ ಮೇಡಂ," ಎಂದರು. "ಪಿಸುಮಾತಂದ್ರ ಮೆತ್ತಗ ಅಂತ ಮಂದಿ ತಿಳ್ಕೊಂಡಿರ್ತಾರ. ಗಂಟಲಕ್ಕ ಅದ ಹೆಚ್ಚು ತ್ರಾಸು."

ನಾನು ಸ್ಲೇಟಿನ ಮೇಲೆ ಬರೆದು ತೋರಿಸಿದೆ: ದನಿ ಮೊದಲಿನಂತೆ ಬರುತ್ತದೆಯೇ?

ಅವರು ಕನ್ನಡಕ ಮೇಲೇರಿಸಿ ಓದಿದರು. "ಗಂಟು ಸಾದಾ ಗಂಟು. ಅದರ ಕಾಳಜಿ ಬಿಡ್ರಿ. ದನಿ ಹೆಂಗ ಬರತೈತಿ ಅನ್ನೂದು ಬಂದ ಮ್ಯಾಲನ ಗೊತ್ತಾಗೂದು."

ಕೆಟ್ಟ ಗಂಟು ಅಲ್ಲ ಎಂದು ಕೇಳಿ ನನ್ನ ತಂಗಿಯ ಮಗಳು ಆಸ್ಪತ್ರೆಯ ಕಾರಿಡಾರಿನಲ್ಲೇ ಕಣ್ಣೊರೆಸಿಕೊಂಡಳು. ನಾನೂ ಖುಷಿಪಡಬೇಕಿತ್ತು. ಬಟ್ ದೆನ್, ನನ್ನ ಕಿವಿಯಲ್ಲಿ ಉಳಿದದ್ದು ಡಾಕ್ಟರ ಎರಡನೆಯ ಮಾತು. ಅಡುಗೆ ನನಗೆ ಅಷ್ಟಕ್ಕಷ್ಟೇ. ಹೊಲಿಗೆ ಬಾರದು. ಮುಖ ಯಾರೂ ತಿರುಗಿ ನೋಡುವಂಥದ್ದಾಗಿರಲಿಲ್ಲ. ನಾನು ದುಡಿದದ್ದು, ಗುರುತಿಲ್ಲದ ಜನರ ಅಡುಗೆಮನೆಯವರೆಗೂ ಹೋಗಿ ಬಂದದ್ದು, ಎಲ್ಲವೂ ಈ ದನಿಯಿಂದಲೇ. ಅದು ಬರದೇ ಹೋದರೆ ಮುಂದೇನು ಎಂಬುದನ್ನು ಸ್ಲೇಟಿನ ಮೇಲೂ ಬರೆಯಲು ಆಗಲಿಲ್ಲ.

ನನ್ನ ಕೆಲಸಕ್ಕೆ ನಮ್ಮ ಕಡೆ ಸರಿಯಾದ ಹೆಸರಿಲ್ಲ. ಹಿರೇಕೆರೂರಿನ ಕಾಲೇಜಿನಲ್ಲಿ ಪಾಠ ಹೇಳುವ ತಂಗಿಯ ಮಗಳು ‘ಟೆಕ್ನಾಲಜಿ ಬ್ರಾಡ್‌ಕಾಸ್ಟರ್ ಆ್ಯಂಡ್ ಪಾಡ್‌ಕಾಸ್ಟರ್’ ಎಂದು ಬರೆಯುತ್ತಾಳೆ. ಹಾನಗಲ್ಲಿನ ನಮ್ಮ ಬಳಗಕ್ಕೆ ನಾನು ಇವತ್ತಿಗೂ ‘ರೇಡಿಯೋದಾಕಿ’. ರೇಡಿಯೋಕ್ಕೆ ಸೇರಿದ್ದೂ ಯಂತ್ರಗಳ ಬಗ್ಗೆ ಮಾತಾಡಲೆಂದಲ್ಲ. ಕಾನ್ವೆಂಟಿನಲ್ಲಿ ಓದಿದ ಹುಡುಗಿ, ಉಚ್ಚಾರ ಸ್ವಚ್ಛ ಎಂದು ಅನೌನ್ಸರ್ ಕೆಲಸಕ್ಕೆ ತೆಗೆದುಕೊಂಡಿದ್ದರು. ಒಂದು ಸಂಜೆ ಊರೂರಿಗೆ ಬರುತ್ತಿದ್ದ ಎಸ್‌ಟಿಡಿ ಬೂತುಗಳ ಬಗ್ಗೆ ಮಾತಾಡಬೇಕಿದ್ದ ಎಂಜಿನಿಯರು ಬರಲಿಲ್ಲ. ಅವರು ಕಳಿಸಿದ್ದ ಹಾಳೆಯನ್ನು ಓದಲು ಸ್ಟೇಷನ್ನಿನವರು ನನ್ನ ಕೈಗಿತ್ತರು. ಅದರಲ್ಲಿದ್ದ ಶಬ್ದಗಳು ನನಗೇ ತಿಳಿಯಲಿಲ್ಲ. ಪ್ರಸಾರ ಶುರುವಾಯಿತೆಂಬ ಕೆಂಪು ದೀಪ ಹತ್ತಿತು. ನಾನು ಹಾಳೆಯನ್ನು ಬದಿಗಿಟ್ಟು, ಹಾನಗಲ್ಲಿನಲ್ಲಿ ಕೂತ ಅವ್ವನಿಗೆ ಹೇಳುವ ಹಾಗೆ ಹೇಳಿದೆ: ಮೊದಲು ರಿಸೀವರ್ ಎತ್ತಬೇಕು, ಕಿವಿಗೆ ಯಾವ ತುದಿ, ಬಾಯಿಗೆ ಯಾವ ತುದಿ, ಗುಂಯ್ ಎಂಬ ಸಪ್ಪಳ ಬಂದರೆ ಹೆದರಬಾರದು. ಅಂದಿನಿಂದ ಪೇಟೆಗೆ ಬಂದ ಪ್ರತಿಯೊಂದು ಯಂತ್ರವೂ ನನ್ನ ಪಾಲಿಗೆ ಬಂತು. ಡಿಶ್ ಬಂತು, ಕಂಪ್ಯೂಟರ್ ಬಂತು, ಮೊಬೈಲ್ ಬಂತು. ಕ್ಲೌಡ್ ಎಂದರೆ ಏನು ಎಂದು ಕೇಳಿದವರಿಗೆ, ಅದು ಮೋಡವಲ್ಲ, ಜೋಳ ತುಂಬಿಡುವ ಹಗೇವು ಎಂದೆ. ಹಗೇವು ಬೇರೆಯವರ ಅಂಗಳದಲ್ಲಿದೆ, ಜೋಳ ಮಾತ್ರ ನಿಮ್ಮದು.

ಈ ದನಿಯನ್ನು ತಿದ್ದಿದವರು ಕಾನ್ವೆಂಟಿನ ಎಲೊಕ್ಯೂಷನ್ ಸಿಸ್ಟರ್. ಶಾಲೆಯ ದೊಡ್ಡ ಹಾಲ್‌ನ ಆ ತುದಿಯಲ್ಲಿ ನಮಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು, ಕೈಯಲ್ಲಿ ಕರಿ ಕೊಡೆ. ನಾವು ಈ ತುದಿಯಿಂದ ಮಾತಾಡಬೇಕು. ಕೇಳಿಸದಿದ್ದರೆ ತಿರುಗಿ ನೋಡದೇ ಕೊಡೆಯನ್ನು ಮೇಲೆತ್ತುವರು. "ಫ್ರಮ್ ದ ಬೆಲ್ಲಿ, ಚೈಲ್ಡ್. ನಾಟ್ ಫ್ರಮ್ ದ ನೋಸ್." ಆ ಕೊಡೆ ಕೆಳಗಿಳಿಯುವವರೆಗೆ ಕೂರುವಂತಿರಲಿಲ್ಲ. ಸ್ಟುಡಿಯೋದ ಕೆಂಪು ದೀಪದ ಹಿಂದೆ ನನಗೆ ಯಾವಾಗಲೂ ಆ ಕೊಡೆ ಕಾಣುತ್ತಿತ್ತು.

ರಿಟೈರ್ ಆದ ಮೇಲೆ ಸವಣೂರಿನಲ್ಲಿ ಎರಡು ಕೋಣೆಗಳ ಮನೆ ಹಿಡಿದೆ. ಪಕ್ಕದ ಮನೆಯಾಕೆ ಹೊಲಿಗೆ ಕ್ಲಾಸ್ ನಡೆಸುತ್ತಾಳೆ. ನನಗಿಂತ ಬಹಳ ಚಿಕ್ಕವಳು, ಆದರೂ ಓಣಿಯೆಲ್ಲ ಅವಳನ್ನು ಆಪಾ, ಅಂದರೆ ಅಕ್ಕ, ಎನ್ನುವುದರಿಂದ ನಾನೂ ಹಾಗೇ ಅನ್ನುತ್ತೇನೆ. ಒಂದು ದಿನ ಅಳತೆ ಕೊಡಲು ಹೋಗಿ ಅವಳ ಕೋಣೆಯಲ್ಲಿ ನಿಂತು ಮಾತಾಡಿದಾಗ ನನ್ನ ಕಿವಿ ನೆಟ್ಟಗಾಯಿತು. ನಾಲ್ಕೂ ಗೋಡೆಗೆ ಅಸ್ತರಿನ ಬಟ್ಟೆ, ಅರ್ಧ ಹೊಲಿದ ಕುಬುಸಗಳು, ಪರಕಾರಗಳು ತೂಗುಬಿದ್ದು, ದನಿ ಎಲ್ಲೂ ಬಡಿದು ವಾಪಸು ಬರುತ್ತಿರಲಿಲ್ಲ. ಇಂಥ ಕೋಣೆಗಾಗಿ ಸ್ಟುಡಿಯೋದವರು ಗೋಡೆ ತುಂಬ ತೂತಿನ ಹಲಗೆ ಹೊಡೆಸುತ್ತಾರೆ. ಹೀಗೆ ನಮ್ಮ ಪಾಡ್‌ಕಾಸ್ಟ್ ಶುರುವಾಯಿತು. ರೆಕಾರ್ಡಿಂಗ್ ಹೊತ್ತಿಗೆ ಹೊಲಿಗೆ ಮಷೀನುಗಳೆಲ್ಲ ಬಂದ್, ಫ್ಯಾನೂ ಬಂದ್. ಕೇಳುವವಳು ಆಪಾ, ಹೇಳುವವಳು ನಾನು. ತಂಗಿಯ ಮಗಳು ಹಿರೇಕೆರೂರಿನಲ್ಲಿ ಕೂತು ಅದನ್ನು ಕತ್ತರಿಸಿ, ಜೋಡಿಸಿ, ಫೋನಿನ ಗ್ರೂಪುಗಳಿಗೆ ಬಿಡುತ್ತಾಳೆ. ನಮ್ಮ ಕೇಳುಗರಿಗೆ ಪಾಡ್‌ಕಾಸ್ಟ್ ಎಂಬ ಶಬ್ದ ಬೇಕಿಲ್ಲ. ಅವರಿಗೆ ಅದು ‘ಅಕ್ಕಾರ ಆಡಿಯೋ’. ರೊಟ್ಟಿ ಬಡಿಯುತ್ತ ಕೇಳುತ್ತಾರೆ.

ಪ್ರತಿ ಸಲವೂ ಕೊನೆಗೆ ಆಪಾ ಕೇಳುತ್ತಿದ್ದಳು: "ಅಕ್ಕಾರ, ಫೋನಿಗೆ ಓಟಿಪಿ ಅಂತ ಅಂಕಿ ಬರತಾವಲ್ರಿ, ಬ್ಯಾಂಕಿನವರು ಕೇಳಿದ್ರ ಹೇಳಬಹುದೇನ್ರಿ?"

"ಬ್ಯಾಂಕಿನವರು ಕೇಳಿದ್ರೂ ಬ್ಯಾಡ, ಪೊಲೀಸರು ಕೇಳಿದ್ರೂ ಬ್ಯಾಡ."

"ಗಂಡ ಕೇಳಿದ್ರ?"

"ಅಂವಗಂತೂ ಬ್ಯಾಡಾ ಬ್ಯಾಡ."

ಆಪಾ ನಗುವಳು. ಆ ನಗುವಿನ ಮೇಲೆ ಕಾರ್ಯಕ್ರಮ ಮುಗಿಯುತ್ತಿತ್ತು.

ಈಗ ಆ ಕೋಣೆಯ ಮೂಲೆಯಲ್ಲಿ ನಾನು ಸ್ಲೇಟು ಹಿಡಿದು ಕೂತೆ. ಸ್ಲೇಟು ಕೊಟ್ಟವಳು ಆಪಾ. ಬಟ್ಟೆಗೆ ಗುರುತು ಹಾಕುವ ಅವಳ ಸೀಮೆಸುಣ್ಣದಿಂದಲೇ ಬರೆಯುತ್ತಿದ್ದೆ. ಮಾತಾಡದವಳನ್ನು ಜನ ಕಿವುಡಿ ಎಂದುಕೊಳ್ಳುತ್ತಾರೆ ಎಂಬುದು ನನಗೆ ಆವರೆಗೆ ತಿಳಿದಿರಲಿಲ್ಲ. ಎಲೆ ಮಾರುವವಳು ನನ್ನ ಮುಖದ ಹತ್ತಿರ ಬಾಯಿ ತಂದು, "ಎಲಿ... ಬೇಕೇನ್ರೀ... ಎಲಿ..." ಎಂದು ಕೆರೆಯ ಆಚೆ ದಂಡೆಯವರನ್ನು ಕರೆದ ಹಾಗೆ ಕೂಗುತ್ತಿದ್ದಳು. ಹಾಲಿನವಳು ದನಿಯನ್ನೇ ಬಿಟ್ಟು ಕೈಸನ್ನೆಗೆ ಇಳಿದಳು. ಬೆರಳುಗಳನ್ನು ಆಡಿಸಿ ಎಮ್ಮೆ ಹಿಂಡಿ ತೋರಿಸಿದಳು. ಎದುರು ಮನೆಯಾಕೆ ಆಪಾಳನ್ನು ಬದಿಗೆ ಕರೆದು ಕೇಳಿದ್ದು ನನಗೆ ಸ್ಪಷ್ಟ ಕೇಳಿಸಿತು: "ಅಕ್ಕಾರು ನಮ್ಮ ಮ್ಯಾಲೆ ಸಿಟ್ಟಾಗ್ಯಾರೇನು? ಮಾತ ಬಿಟ್ಟಾರಲ್ಲ."

"ಸಿಟ್ಟಿಲ್ಲವಾ. ದನೀನ ರಿಪೇರಿಗೆ ಕೊಟ್ಟಾರ," ಎಂದಳು ಆಪಾ.

ಹಗಲು ಹೇಗೋ ನಗುತ್ತಿದ್ದೆ. ಕನ್ನಡಿ ನೋಡುವಾಗ ಮಾತ್ರ ಕತ್ತಿನ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದೆ, ಒಳಗೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುವವಳಂತೆ. ನುಂಗಿದರೆ ಭಯ. ಕೆಮ್ಮು ಬಂದರೆ ಭಯ. ಒಮ್ಮೆ ಕನಸಿನಲ್ಲಿ ಯಾರನ್ನೋ ಕೂಗಿದೆನೋ ಏನೋ, ಎದ್ದು ಕೂತು ಬೆಳಗಿನ ಚಹಾದವರೆಗೂ, ಕೂಗಿದ್ದು ಖರೆಯಾಗಿಯೋ ಕನಸಿನಲ್ಲಿಯೋ ಎಂದು ಅದನ್ನೇ ಯೋಚಿಸಿದೆ.

ಇತ್ತ ಕೇಳುಗರು ಆಡಿಯೋ ಯಾಕೆ ಬಂದಿಲ್ಲ ಎಂದು ಕೇಳತೊಡಗಿದ್ದರು. ತಂಗಿಯ ಮಗಳು ಫೋನಿನಲ್ಲಿ ಒಂದು ದಾರಿ ಹೇಳಿದಳು. "ದೊಡ್ಡವ್ವಾ, ನಿನ್ನ ಹಳೆ ಆಡಿಯೋ ಎಷ್ಟೊಂದದಾವು. ಅವನ್ನ ಕಂಪ್ಯೂಟರಿಗೆ ಕೊಟ್ರ ನಿನ್ನ ದನ್ಯಾಗ ಅದ ಮಾತಾಡತೈತಿ. ನೀ ಬರದು ಕೊಡು, ಸಾಕು. ನಿನ್ನ ಗಂಟಲಾ ಆರಾಮ್ ತುಗೊಳ್ಳಲಿ."

ಈ ವಿದ್ಯೆಯ ಬಗ್ಗೆ ನಾನೇ ಒಂದು ಕಾರ್ಯಕ್ರಮ ಮಾಡಿದ್ದೆ. ಆಗ ಅದು ಬೇರೆಯವರ ಮನೆಯ ಸುದ್ದಿ. ಬೇಡ ಎಂದು ಬರೆದೆ, ಅಳಿಸಿದೆ. ಕೇಳುಗರು ಮರೆತುಬಿಟ್ಟರೆ ಎಂಬ ಹೆದರಿಕೆ ದೊಡ್ಡದಾಗಿತ್ತು. ಮುಂದಿನ ಆಡಿಯೋದ ಮಾತುಗಳನ್ನು ಬರೆದು ಕಳಿಸಿದೆ.

ಎರಡು ದಿನದಲ್ಲಿ ಬಂತು. ಆಪಾಳ ಫೋನಿನಲ್ಲಿ ಇಬ್ಬರೂ ಕೇಳಿದೆವು. ನಾನೇ. ಗಂಟು ಬರುವುದಕ್ಕಿಂತ ಬಹಳ ಮೊದಲಿನ ನಾನು. ಪ್ರತಿ ಅಕ್ಷರವೂ ತೊಳೆದಿಟ್ಟ ಪಾತ್ರೆಯ ಹಾಗೆ. ಸಿಸ್ಟರ್ ಕೇಳಿದ್ದರೆ ಕೊಡೆ ಎತ್ತುತ್ತಲೇ ಇರಲಿಲ್ಲ. ಆಪಾ ಕತ್ತರಿಯನ್ನು ಕೆಳಗಿಟ್ಟಳು. "ಅಕ್ಕಾರ, ಇದು ನೀವ. ಖರೇನ ಹೇಳ್ತೇನಿ, ನನಗ ಮೈ ಜುಂ ಅಂತು." ಮತ್ತೆ ಕತ್ತರಿ ಎತ್ತಿಕೊಂಡು, "ಆದ್ರ ಉಸಿರ ತುಗೊಳ್ಳವಲ್ರಿ," ಎಂದಳು.

ಇದು ಕಂಪ್ಯೂಟರಿನ ದನಿ ಎಂದು ಕೊನೆಯಲ್ಲಿ ತಿಳಿಸಬೇಕೆಂದು ನಾನು ಹಟ ಹಿಡಿದೆ. ತಂಗಿಯ ಮಗಳು ತಿಳಿಸಿದಳು. ಕೊನೆಯವರೆಗೆ ಯಾರೂ ಕೇಳಲಿಲ್ಲ ಎಂದು ಕಾಣುತ್ತದೆ. ಹಿರೇಕೆರೂರು ಕಡೆಯ ಕೇಳುವಾಕೆಯೊಬ್ಬಳು ತನ್ನ ದನಿಯಲ್ಲೇ ಸಂದೇಶ ಕಳಿಸಿದ್ದಳು: "ಅಕ್ಕಾರ, ಈ ಸಲ ಎಷ್ಟ ಛಲೋ ಹೇಳೀರಿ. ಮೊದಲ ನಡುನಡುವ ಕೆಮ್ಮತಿದ್ರಿ, ಗಂಟಲಾ ಕಟ್ಟಿರತಿತ್ತು. ಈಗ ಆರಾಮಾಗೀರಿ ನೋಡ್ರಿ. ಹಿಂಗ ಇರ್ರಿ."

ಅದನ್ನು ನಾನು ಮತ್ತೆ ಮತ್ತೆ ಹಚ್ಚಿ ಕೇಳಿದೆ. ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಹಾಗಾಗಿಯೇ ಹೆದರಿಕೆಯಾಯಿತು. ಅಲ್ಲಿಯವರೆಗೆ ನನಗಿದ್ದ ಭಯ ದನಿ ಬರುತ್ತದೋ ಇಲ್ಲವೋ ಎಂಬುದೊಂದೇ. ಈಗ ಬಂದರೂ ಅದು ಯಾರಿಗೆ ಬೇಕು ಎಂಬುದೂ ಸೇರಿತು.

ಮತ್ತೆ ತೋರಿಸುವ ದಿನ ಹುಬ್ಬಳ್ಳಿಗೆ ಒಬ್ಬಳೇ ಹೋದೆ. ಆಪಾಳಿಗೆ ಬಂಕಾಪುರದ ಒಂದು ಮದುವೆಯ ಬ್ಲೌಸುಗಳು ತುರ್ತಾಗಿದ್ದವು. ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, "ಗಾಯ ಮಾಯ್ದೈತಿ. ಇವತ್ತಿಂದ ಮಾತಾಡ್ರಿ, ಸಣ್ಣ ಸಣ್ಣ ಮಾತು. ಎಲ್ಲಿ, ಇಲ್ಲೇ ಒಂದು ಹೇಳ್ರಿ ನೋಡೂಣು," ಎಂದರು.

ನಾನು ತಲೆಯಲ್ಲಾಡಿಸಿ ಸ್ಲೇಟು ತೆಗೆದೆ: ಮನೆಗೆ ಹೋದ ಮೇಲೆ.

ಅವರು ನಕ್ಕರು. "ಬ್ಯಾರೆ ಪೇಷಂಟ್ಸಿಗೆ ಬಾಯಿ ಮುಚ್ಚಸೂದು ತ್ರಾಸು. ನಿಮಗ ತೆಗಸೂದು ತ್ರಾಸಾತಲ್ರಿ."

ಮಾತಾಡದೇ ಇರುವವರೆಗೆ ದನಿ ಹೋಗಿದೆ ಎಂದು ಯಾರೂ ಹೇಳುವಂತಿಲ್ಲ. ನಾನೂ ಹೇಳಿಕೊಳ್ಳುವಂತಿಲ್ಲ. ಟು ಬಿ ಫ್ರ್ಯಾಂಕ್, ಶಿಗ್ಗಾವಿಯವರೆಗಿನ ಬಸ್ಸಿನಲ್ಲಿ ನಾನು ಹಿಡಿದುಕೊಂಡು ಕೂತದ್ದು ಅದನ್ನೇ. ಮೊದಲ ಶಬ್ದ ಯಾವುದಿರಲಿ ಎಂದು ಮನಸ್ಸಿನಲ್ಲೇ ಆರಿಸಿದೆ. ಅವ್ವ ಎನ್ನಲೇ, ಸ್ಟುಡಿಯೋದ ಹಾಗೆ ನಮಸ್ಕಾರ ಎನ್ನಲೇ. ಯಾವುದನ್ನು ತಂದು ನಾಲಿಗೆಯ ತುದಿಗಿಟ್ಟರೂ ವಾಪಸು ನುಂಗಿಕೊಳ್ಳುತ್ತಿದ್ದೆ.

ಶಿಗ್ಗಾವಿಯಲ್ಲಿ ಇಳಿದು ಸವಣೂರಿನ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತೆ. ಪಕ್ಕದಲ್ಲಿ ಇಳಕಲ್ ಸೀರೆಯ ಒಬ್ಬ ಹೆಂಗಸು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು. ಕಾಲ ಬಳಿ ಒಂದು ಕೈಚೀಲ, ಕೊರಳಿಗೆ ದಾರದಲ್ಲಿ ಫೋನು. ನಾನು ಕೇಳದೇ ಇದ್ದರೂ ತಾನು ಹತ್ತಿಮತ್ತೂರಿನವಳೆಂದೂ ಮಗಳ ಬಾಣಂತನ ಮುಗಿಸಿ ಹೊರಟಿರುವುದಾಗಿಯೂ ಹೇಳಿದಳು. ನಾನು ತಲೆಯಾಡಿಸುತ್ತಿದ್ದೆ. ಫೋನು ಬಡಿದುಕೊಂಡಿತು. ನಮ್ಮ ಕಡೆಯವರ ರೂಢಿಯಂತೆ ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸುವ ಹಾಗೆ ಸ್ಪೀಕರ್ ಹಚ್ಚಿದಳು.

"ಅಮ್ಮಾ, ಬ್ಯಾಂಕಿನಿಂದ ಮಾತಾಡ್ತಿರೋದು," ಎಂದಿತು ದಕ್ಷಿಣದ ಕಡೆಯ ಒಂದು ನಯವಾದ ಗಂಡುದನಿ. "ನಿಮ್ಮ ಖಾತೆ ಇವತ್ತು ಬಂದ್ ಆಗುತ್ತೆ. ಈಗ ನಿಮ್ಮ ಫೋನಿಗೆ ಅಂಕಿ ಬಂದಿದೆ ನೋಡಿ, ಅದನ್ನ ಓದಿ ಹೇಳಿ."

"ತಡೀಪಾ, ನನಗ ಕಣ್ಣ ಕಾಣವಲ್ದು. ಇಲ್ಲೊಬ್ಬಾಕಿ ಶಾಣ್ಯಾಕಿ ಕುಂತಾಳ, ಓದಸ್ತೇನಿ." ಕೊರಳಿನಿಂದ ದಾರ ತೆಗೆದು ಫೋನನ್ನು ನನ್ನ ಮಡಿಲಿಗಿಟ್ಟಳು. "ಯಕ್ಕಾ, ಇದರಾಗಿನ ಅಂಕಿ ಜರಾ ಜೋರ್ಲೆ ಓದ್ರಿ. ಅಂವಾ ಕೇಳಸ್ಕೋತಾನ."

ಕಾಗದದ ಕಾಲದಿಂದಲೂ ನಮ್ಮಲ್ಲಿ ಇದು ಇದ್ದದ್ದೇ. ಬಸ್ ಸ್ಟ್ಯಾಂಡಿನಲ್ಲಿ ಕನ್ನಡಕದವರು ಸಿಕ್ಕರೆ ಬಂದ ಪತ್ರ ಓದಿಸಿಕೊಳ್ಳುವುದು. ಪತ್ರ ಓದಿದವರು ಎಲ್ಲ ಗುಟ್ಟು ತಿಳಿದೂ ಎದ್ದು ಹೋಗಿಬಿಡುತ್ತಿದ್ದರು, ಅದರಿಂದ ಯಾರಿಗೂ ಕೆಡುಕಾದದ್ದಿಲ್ಲ. ಆ ವಿಶ್ವಾಸವೇ ಈಗ ಫೋನಾಗಿ ನನ್ನ ಮಡಿಲಲ್ಲಿತ್ತು. ಪರದೆಯ ಮೇಲೆ ಆರು ಅಂಕಿ. ವರ್ಷಗಟ್ಟಲೆ ಯಾರಿಗೂ ಹೇಳಬೇಡಿ ಎಂದು ಬಡಿದುಕೊಂಡದ್ದನ್ನು ಈಗ ನನಗೇ ಓದು ಎನ್ನುತ್ತಿದ್ದಾರೆ.

ಜೋರಾಗಿ ತಲೆಯಲ್ಲಾಡಿಸಿದೆ.

"ಓದಾಕ ಬರೂದಿಲ್ಲೇನು?" ಎಂದಳು. "ಕನ್ನಡಕ ಹಾಕ್ಕೊಂಡೀರಿ ಮತ್ತ."

ಕರೆ ಮುಗಿಸುವ ಕೆಂಪು ಗುರುತಿಗೆ ಬೆರಳು ಚಾಚಿದೆ. ಆಕೆ ಫೋನನ್ನು ಕಸಿದುಕೊಂಡಳು. "ಏ, ಏನ ಮಾಡಾಕತ್ತೀರಿ? ಅಂವಾ ಇನ್ನೂ ಮಾತಾಡಾಕತ್ತಾನ." ಸ್ಲೇಟು ತೆಗೆದೆ. ಕಣ್ಣು ಕಾಣದವಳ ಮುಂದೆ ಸ್ಲೇಟು ಹಿಡಿದೆ. ನನ್ನ ಫೋನಿನಲ್ಲಿ ಟೈಪ್ ಮಾಡಿ ಅದರಿಂದಲೇ ಓದಿಸಬಹುದಿತ್ತು, ನಾನೇ ನಾಲ್ಕು ಜನರಿಗೆ ಕಲಿಸಿದ ವಿದ್ಯೆ. ಫೋನಿದ್ದ ಒಳಜೇಬಿನ ಜಿಪ್ಪು ಸಿಕ್ಕಿಕೊಂಡು ಬಿಚ್ಚಲೇ ಇಲ್ಲ.

"ಪಾಪ, ಮೂಗಿ ಐತಿ ಇದು," ಎಂದು ಫೋನಿನೊಳಗಿನವನಿಗೆ ತಿಳಿಸಿ, ಆಚೆ ನಿಂತು ಮಿರ್ಚಿ ತಿನ್ನುತ್ತಿದ್ದ ಒಬ್ಬ ಗೃಹಸ್ಥರ ಕಡೆ ತಿರುಗಿದಳು. "ಅಣ್ಣಾರ, ನೀವರ ಓದ್ರಿ ಇಷ್ಟು."

ಅವರು ಸಭ್ಯ ಮನುಷ್ಯರು. ಎಣ್ಣೆಗೈಯನ್ನು ಪೇಪರಿಗೆ ಒರೆಸಿಕೊಂಡು, ಫೋನನ್ನು ಕಣ್ಣಿನಿಂದ ದೂರ ಹಿಡಿದು, ಶಾಲೆಯಲ್ಲಿ ಮಗ್ಗಿ ಹೇಳುವ ಹಾಗೆ ಶುರು ಮಾಡಿದರು. "ನಾಲ್ಕು... ಏಳು..."

ಕಾನ್ವೆಂಟಿನ ಹಾಲ್‌ನ ಆ ತುದಿಯಲ್ಲಿ ಕರಿ ಕೊಡೆ ಮೇಲೆದ್ದಿತು.

"ಓದಬ್ಯಾಡ್ರಿ."

ಅದು ನನ್ನಿಂದ ಬಂತು ಎಂದು ನನಗೇ ತಿಳಿಯಲು ಒಂದು ಕ್ಷಣ ಬೇಕಾಯಿತು. ಬಹಳ ದಿನ ತಿರುಗಿಸದ ಬೀಸುಕಲ್ಲನ್ನು ಕಾಳಿಲ್ಲದೇ ತಿರುಗಿಸಿದಂಥ ಸಪ್ಪಳ. ದಪ್ಪನೆಯದೊಂದು, ಅದರ ಮೇಲೆ ಸೀಳಿದ್ದೊಂದು, ಎರಡು ದನಿ ಒಂದೇ ಸಲ. ಕಟ್ಟೆಯ ಕೆಳಗೆ ಮಲಗಿದ್ದ ನಾಯಿ ಎದ್ದು ನಿಂತಿತು. ಮಿರ್ಚಿಯವರು ಮೂರನೆಯ ಅಂಕಿಯನ್ನು ಬಾಯಲ್ಲೇ ಇಟ್ಟುಕೊಂಡು ನನ್ನನ್ನು ನೋಡಿದರು.

ಫೋನಿನೊಳಗಿನವನಿಗೂ ಕೇಳಿಸಿತ್ತು. "ಅಮ್ಮಾ, ಪಕ್ಕದಲ್ಲಿ ಯಾರು ಆ ಮುದುಕ? ಅವರ ಮಾತು ಕೇಳ್ಬೇಡಿ, ನೀವು ಅಂಕಿ ಹೇಳಿ."

"ಇಡ್ರಿ ಫೋನ್," ಎಂದೆ. "ಕಳ್ಳರು ಅವರು."

ಮಿರ್ಚಿಯವರು ಕರೆ ಕಡಿದು ಫೋನನ್ನು ಆಕೆಯ ಕೈಗಿತ್ತರು. ಅದು ಮತ್ತೆ ಬಡಿದುಕೊಂಡಿತು. ಆಕೆ ಫೋನನ್ನೊಮ್ಮೆ, ನನ್ನ ಬಾಯಿಯನ್ನೊಮ್ಮೆ ನೋಡಿದಳು. ಅದನ್ನು ಚೀಲದಲ್ಲಿ, ಮೊಮ್ಮಗುವಿನ ಅಂಗಿಗಳ ಅಡಿಗೆ ತುರುಕಿದಳು. ಒಳಗೇ ಬಡಿದುಕೊಂಡು ನಿಂತಿತು.

"ಮಾತಾಡ್ತೀರಿ ಮತ್ತ," ಎಂದಳು, ಆಕ್ಷೇಪಣೆಯ ಹಾಗೆ. "ಮೊದಲ ಯಾಕ ಸುಮ್ನ ಕುಂತಿದ್ರಿ?"

ಗಂಟಲು ತೋರಿಸಿದೆ. ಆಕೆಗೆ ಮೆಲ್ಲಗೆ ಎಲ್ಲ ಅರ್ಥವಾಗುತ್ತ ಬಂತು. ಎದೆಯ ಮೇಲೆ ಕೈಯಿಟ್ಟುಕೊಂಡು ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಸವಣೂರ ಅಕ್ಕಾರೂ ಇದನ್ನ ಹೇಳ್ತಾರಲ್ಲ, ಅಂಕಿ ಹೇಳಬ್ಯಾಡ್ರಿ ಅಂತ. ಯವ್ವಾ, ನೆನಪ ಆಗಲಿಲ್ಲ ನೋಡ್ರಿ."

"ಯಾರು ಅಕ್ಕಾರು?" ಎಂದರು ಮಿರ್ಚಿಯವರು.

"ಫೋನಿನ್ಯಾಗ ಬರತಾರಲ್ರಿ. ನಮ್ಮ ಸೊಸಿ ಅಡಗಿ ಮಾಡುಮುಂದ ಹಚ್ಚಿರ್ತಾಳ. ಏನ ದನಿ ಅಂತೀರಿ ಅವರದು. ಎಷ್ಟ ಇಂಪಂದ್ರ, ಕೇಳಕೋಂತ ಕುಂತ್ರ ನನಗ ನಿದ್ದೀನ ಬಂದಬಿಡತೈತಿ."

ನಾನೇ ಅವಳು ಎನ್ನಲು ಬಾಯಿ ತೆರೆದೆ. ಈಗಿನ ಈ ದನಿಯಲ್ಲಿ ಹೇಳಿದರೆ ಯಾರು ನಂಬುತ್ತಾರೆ ಎಂದು ಮುಚ್ಚಿಕೊಂಡೆ. ಬಸ್ಸು ಬಂತು. ಆಕೆ ನನ್ನ ಕೈಹಿಡಿದು ಹತ್ತಿಸಿ ಕಿಟಕಿಯ ಸೀಟು ಕೊಟ್ಟಳು. "ಇನ್ನ ಮಾತಾಡಬ್ಯಾಡ್ರಿ, ಗಂಟಲಾ ನೋಯತೈತಿ," ಎಂದಳು. ಆಮೇಲೆ ಸವಣೂರಿನವರೆಗೂ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿ ಕೂಗಿ ಮಾತಾಡಿದಳು.

ಆಕೆ ಕೂಗುತ್ತಿದ್ದುದರಲ್ಲಿ ನನಗೆ ಅರ್ಧವೂ ಕೇಳಿಸಲಿಲ್ಲ. ನಿದ್ದೀನ ಬಂದಬಿಡತೈತಿ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಯಾವ ದನಿಗಾಗಿ ಇಷ್ಟು ವಾರ ಉಸಿರು ಬಿಗಿಹಿಡಿದಿದ್ದೆನೋ ಆ ದನಿ ಅಂಕಿ ಹೇಳಬೇಡಿ ಎಂದು ಆಕೆಯ ಅಡುಗೆಮನೆಯಲ್ಲಿ ಎಷ್ಟೋ ಸಲ ಹೇಳಿತ್ತು, ಆಕೆ ತೂಕಡಿಸಿದ್ದಳು. ಈ ಬೀಸುಕಲ್ಲು ಒಂದು ಸಲ ಹೇಳಿದ್ದಕ್ಕೆ ಬಸ್ ಸ್ಟ್ಯಾಂಡೇ ನಿಂತಿತು. ಇದರಿಂದ ಸಮಾಧಾನವಾಯಿತು ಎಂದು ಬರೆದರೆ ಸುಳ್ಳು. ಬಸ್ಸಿನಲ್ಲಿ ಕೂತು ನಾನು ಹಳೆಯ ದನಿಗಾಗಿ ಅತ್ತೆ, ಮುಖವನ್ನು ಕಿಟಕಿಯ ಕಡೆ ಮಾಡಿ.

ಹೊಲಿಗೆ ಕೋಣೆಗೆ ಬಂದಾಗ ಆಪಾ ಮಷೀನು ತುಳಿಯುತ್ತಿದ್ದಳು. "ಏನಂದ್ರು ಡಾಕ್ಟರು? ಬರೀರಿ, ಬರೀರಿ," ಎಂದು ಸ್ಲೇಟಿನ ಕಡೆ ಕೈ ಮಾಡಿದಳು.

"ಆಪಾ," ಎಂದೆ.

ಅವಳ ಕಾಲು ನಿಂತಿತು. "ನಮ್ಮ ಮುದುಕ ದಾದಾನ ದನಿ ಬಂದೈತಲ್ರಿ ನಿಮಗ," ಎಂದಳು. ನಕ್ಕಳು. ನಗುತ್ತಲೇ ಎದ್ದು ಬಂದು ನನ್ನನ್ನು ಅಪ್ಪಿಕೊಂಡಳು. ಅವಳ ಬೆರಳಿಗೆ ಸಿಕ್ಕಿದ್ದ ಸೂಜಿ ನನ್ನ ಬೆನ್ನಿಗೆ ಚುಚ್ಚಿತು.

ತಂಗಿಯ ಮಗಳು ಫೋನಿನಲ್ಲಿ ನನ್ನ ಈ ದನಿ ಕೇಳಿದಳು. "ದೊಡ್ಡವ್ವಾ, ನೀ ಮಾತಾಡು. ಅದರ ಮ್ಯಾಲೆ ನಿನ್ನ ಹಳೆ ದನಿ ಹೊಚ್ಚಾಕ ಬರತೈತಿ. ಮಾತೂ ನಿಂದ, ಉಸಿರೂ ನಿಂದ. ಯಾರಿಗೂ ಗೊತ್ತಾಗೂದಿಲ್ಲ. ಮಾಡಲೇನು?"

ಕೌದಿ ಹೊದೆಸಲೇ ಎಂದು ಕೇಳಿದಷ್ಟು ಪ್ರೀತಿಯಿಂದ ಕೇಳಿದಳು. ಎಷ್ಟು ಆಸೆಯಾಯಿತೆಂದು ನಾನೇ ಬಲ್ಲೆ.

"ಮೊದಲು ರೆಕಾರ್ಡ್ ಆಗಲಿ," ಎಂದೆ. "ಇದ್ದಂಗ ಕಳಿಸ್ತೇನಿ. ಹೊಚ್ಚಬ್ಯಾಡ."

"ಈ ಸಲಾ?"

"ಈ ಸಲಾ."

ಆಪಾ ಮಷೀನುಗಳನ್ನು ಬಂದ್ ಮಾಡಿಸಿದಳು, ಫ್ಯಾನು ಆರಿಸಿದಳು. ಕುಬುಸಗಳು ತೂಗಾಡಿ ನಿಂತವು. ಯಾವಾಗಲೂ ಕೊನೆಗೆ ಕೇಳುವ ಓಟಿಪಿಯ ಪ್ರಶ್ನೆಯನ್ನು ಅವಳು ಅವತ್ತು ಮೊದಲೇ ಕೇಳಿದಳು. ನಾನು ಶಿಗ್ಗಾವಿ ಬಸ್ ಸ್ಟ್ಯಾಂಡಿನಿಂದ ಶುರು ಮಾಡಿದೆ. ಎರಡನೆಯ ವಾಕ್ಯದ ನಡುವೆ ದನಿ ಒಡೆದು ನಿಂತುಹೋಯಿತು. ರೆಕಾರ್ಡರಿನ ಕೆಂಪು ಚುಕ್ಕೆ ಹತ್ತಿಕೊಂಡೇ ಇತ್ತು. ಅಲ್ಲೇ ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳುವುದು ನಮ್ಮ ಪದ್ಧತಿ. ಆಪಾ ನಿಲ್ಲಿಸಲು ಕೈ ಚಾಚಿದಳು, ನಾನು ಅವಳ ಕೈ ಹಿಡಿದೆ. ಬರುತ್ತದೋ ಇಲ್ಲವೋ ತಿಳಿಯದೇ ಇಬ್ಬರೂ ಹಾಗೇ ಕೂತೆವು. ಹೊಟ್ಟೆಯಿಂದ ಉಸಿರೆಳೆದು, ಉಳಿದ ಅರ್ಧ ವಾಕ್ಯಕ್ಕೆ ಬಾಯಿ ತೆರೆದೆ.